ಡಯಾಲಿಸಿಸ್ ಇರುವವರು, ಸಿರೋಸಿಸ್ ಇರುವವರು ಹಲ್ಲು ಕೀಳಿಸುವಾಗ: ಯಾವ ದಿನ, ಯಾವ ಟೆಸ್ಟ್, ಯಾವ ಮಾತ್ರೆ?

ಆರೈಕೆದಾರ:

ಸೋಮ, ಬುಧ, ಶುಕ್ರ ಡಯಾಲಿಸಿಸ್ ಆಗುವವರೊಬ್ಬರ ಕೆಳದವಡೆಯ ಹಲ್ಲು ಬುಡದವರೆಗೂ ಹುಳುಕಾಗಿ ಕೀವು ಕಟ್ಟುತ್ತಿದೆ ಅಂದುಕೊಳ್ಳಿ. ಹಲ್ಲಿನ ಡಾಕ್ಟರು "ಮೊದಲು ಕಿಡ್ನಿ ಡಾಕ್ಟರ ಹತ್ತಿರ ಬರೆಸಿಕೊಂಡು ಬನ್ನಿ" ಅಂತಾರೆ. ಅಲ್ಲಿ ಹೋದರೆ "ಹಲ್ಲು ಕೀಳಬಹುದು" ಅಂತ ಒಂದೇ ಸಾಲು ಬರೆದು ಕೊಡ್ತಾರೆ. ಆ ಸಾಲು ಹಿಡಿದುಕೊಂಡು ಯಾರೂ ಮುಂದೆ ಹೋಗುವ ಹಾಗಿಲ್ಲ. ಯಾವ ದಿನ ಕೀಳಿಸಬೇಕು? ಯಾವ ರಕ್ತಪರೀಕ್ಷೆ ಬೇಕು? ನೋವಿಗೆ ಏನು ಕೊಡಬಹುದು? ಲಿವರ್ ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವ ಕಾಯಿಲೆ) ಇರುವವರಿಗೂ ಇದೇ ಲೆಕ್ಕವೋ, ಬೇರೆಯೋ? ತಿಳಿದವರು ಬಿಡಿಸಿ ಬರೆಯಿರಿ.

ದವಡೆ ಶಸ್ತ್ರಚಿಕಿತ್ಸಕಿ:

ಎಡವಟ್ಟಾಗುವುದು ಹೆಚ್ಚಾಗಿ ದಿನದ ಲೆಕ್ಕದಲ್ಲೇ, ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ಡಯಾಲಿಸಿಸ್ ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಹೆಪಾರಿನ್ ಕೊಡ್ತಾರೆ. ಸಾಮಾನ್ಯ ಹೆಪಾರಿನ್‌ನ ಪ್ರಭಾವ 4ರಿಂದ 6 ಗಂಟೆಯಲ್ಲಿ ಇಳಿದುಹೋಗುತ್ತದೆ. ಅಂದಮೇಲೆ ಅದೇ ದಿನ ಸಂಜೆ ಕೀಳಬಹುದಲ್ಲ ಅಂತ ಕೇಳಬಹುದು. ಬೇಡ. ನಾಲ್ಕು ಗಂಟೆ ಯಂತ್ರದ ಮುಂದೆ ಮಲಗಿ ಎದ್ದವರಿಗೆ ಸುಸ್ತು ಇರುತ್ತದೆ, ಬಿಪಿ ಇಳಿದಿರಬಹುದು. ಮರುದಿನ ಬೆಳಿಗ್ಗೆ ಹೆಪಾರಿನ್ ಪೂರ್ತಿ ಹೋಗಿರುತ್ತದೆ, ರಕ್ತದಲ್ಲಿ ಯೂರಿಯಾ ಇನ್ನೂ ಏರಿರುವುದಿಲ್ಲ, ಮೈಯಲ್ಲಿ ನೀರಿನ ಭಾರವೂ ಕಡಿಮೆ. ನೀವು ಹೇಳಿದ ಸರದಿಗೆ ಮಂಗಳವಾರ ಬೆಳಿಗ್ಗೆಯೇ ಸರಿ. ಗುರುವಾರವೂ ಆಗುತ್ತದೆ, ಆದರೆ ಮೂರನೇ ನಾಲ್ಕನೇ ದಿನ ಮತ್ತೆ ರಕ್ತ ಬಂದರೆ ಅದು ಶನಿವಾರ ಭಾನುವಾರಕ್ಕೆ ಬೀಳುತ್ತದೆ, ಆಗ ಹಲ್ಲಿನ ಡಾಕ್ಟರು ಸಿಗುವುದು ಕಷ್ಟ. ಭಾನುವಾರವಂತೂ ಬೇಡವೇ ಬೇಡ. ಕೊನೆಯ ಡಯಾಲಿಸಿಸ್ ಆಗಿ ಎರಡು ದಿನ ಕಳೆದಿರುತ್ತದೆ, ಪೊಟ್ಯಾಸಿಯಂ, ಯೂರಿಯಾ, ನೀರು ಮೂರೂ ಏರಿರುತ್ತವೆ.

ಪ್ಲೇಟ್‌ಲೆಟ್ ಎಣಿಕೆ 2 ಲಕ್ಷ ಇದೆ, ಭಯವಿಲ್ಲ ಅಂತ ಹೇಳುವವರಿದ್ದಾರೆ. ಕಿಡ್ನಿ ಕಾಯಿಲೆಯಲ್ಲಿ ಎಣಿಕೆ ಸರಿಯಿದ್ದರೂ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದಿಲ್ಲ. ಯೂರಿಯಾದ ಜೊತೆ ಶೇಖರವಾಗುವ ವಿಷಪದಾರ್ಥಗಳು ಅವುಗಳ ಕೆಲಸ ಕೆಡಿಸುತ್ತವೆ. ಇದಕ್ಕೆ ರಕ್ತಹೀನತೆಯೂ ಸೇರಿಕೊಳ್ಳುತ್ತದೆ. ಕೆಂಪು ಕಣಗಳು ನಾಳದ ನಡುವೆ ಹರಿಯುತ್ತಾ ಪ್ಲೇಟ್‌ಲೆಟ್‌ಗಳನ್ನು ಗೋಡೆಯ ಕಡೆ ತಳ್ಳುತ್ತವೆ. ಕೆಂಪು ಕಣ ಕಡಿಮೆಯಾದರೆ ಆ ತಳ್ಳುವಿಕೆ ಇಲ್ಲ, ಗಾಯದ ಬಾಯಿಗೆ ಪ್ಲೇಟ್‌ಲೆಟ್ ಬರುವುದು ಕಡಿಮೆ. ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) 30%ಗಿಂತ ಮೇಲಿದ್ದರೆ ರಕ್ತಸ್ರಾವ ಎಷ್ಟೋ ಹತೋಟಿಯಲ್ಲಿರುತ್ತದೆ. ಆದ್ದರಿಂದ ಪ್ಲೇಟ್‌ಲೆಟ್ ಜೊತೆ ಹಿಮೋಗ್ಲೋಬಿನ್ ಕೂಡ ಕೇಳಿ.

ಕಿಡ್ನಿ ಡಾಕ್ಟರಿಂದ ಬರಬೇಕಾದ ಚೀಟಿಯಲ್ಲಿ ಇಷ್ಟಾದರೂ ಇರಲಿ: ಡಯಾಲಿಸಿಸ್ ದಿನಗಳು, ಯಾವ ಹೆಪಾರಿನ್ ಮತ್ತು ಎಷ್ಟು, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಕೈಯಲ್ಲಿ ರಕ್ತನಾಳಗಳನ್ನು ಜೋಡಿಸಿದ ಜಾಗ) ಯಾವ ಕೈಯಲ್ಲಿ ಅಥವಾ ಕತ್ತಿನ ಕ್ಯಾಥೆಟರೋ, ಇತ್ತೀಚಿನ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಪೊಟ್ಯಾಸಿಯಂ, ರಕ್ತ ತೆಳುಮಾಡುವ ವಾರ್ಫರಿನ್ ಇದ್ದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅನ್ನುವ ಪರೀಕ್ಷೆ), ಪ್ಲೇಟ್‌ಲೆಟ್ ಅಂಟದಂತೆ ತಡೆಯುವ ಆಸ್ಪಿರಿನ್ ಅಥವಾ ಕ್ಲೊಪಿಡೋಗ್ರೆಲ್ ಇದೆಯೋ ಇಲ್ಲವೋ, ಮೂಳೆಗೆ ಕೊಡುವ ಇಂಜೆಕ್ಷನ್ ಇದೆಯೋ, ಹೃದಯದ ಕವಾಟದ ತೊಂದರೆ ಇದೆಯೋ. ಎನಾಕ್ಸಪಾರಿನ್‌ನಂಥ ಹೆಪಾರಿನ್ ಬಳಸಿದ್ದರೆ ಅದು ಕಿಡ್ನಿಯ ಮೂಲಕವೇ ಹೊರಹೋಗಬೇಕು, ಹೆಚ್ಚು ಹೊತ್ತು ಉಳಿಯುತ್ತದೆ. 4ರಿಂದ 6 ಗಂಟೆಯ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್ ಯಾವುದನ್ನೂ ಮನೆಯವರೇ ನಿಲ್ಲಿಸಬಾರದು. ಒಸರುವ ರಕ್ತವನ್ನು ಬಾಯಲ್ಲೇ ಅದುಮಿ ನಿಲ್ಲಿಸಬಹುದು, ಹೃದಯದ ರಕ್ತನಾಳದಲ್ಲಿಟ್ಟ ಸ್ಟೆಂಟ್ ಮುಚ್ಚಿಹೋದರೆ ಹಾಗೆ ಮಾಡಲಾಗದು.

ಡಯಾಲಿಸಿಸ್ ತಂತ್ರಜ್ಞ:

ಮೇಡಂ ಹೇಳಿದ್ದರ ಮುಂದಿನ ಭಾಗವನ್ನು ಬಹಳ ಜನ ಮರೀತಾರೆ. ಮಂಗಳವಾರ ಹಲ್ಲು ಕಿತ್ತಾಯ್ತು, ರಕ್ತ ನಿಂತಿತು, ಎಲ್ಲ ಸರಿ. ಬುಧವಾರ ಯಂತ್ರಕ್ಕೆ ಹಾಕಿದಾಗ ಎಂದಿನಂತೆ ಪೂರ್ತಿ ಹೆಪಾರಿನ್ ಹೋದರೆ, ಒಂದೇ ದಿನದ ಹೆಪ್ಪು ಸಡಿಲವಾಗಿ ಅರ್ಧ ಡಯಾಲಿಸಿಸ್‌ನಲ್ಲಿ ಬಾಯಿ ತುಂಬ ರಕ್ತ ಬರುತ್ತದೆ. ಹಲ್ಲು ಕಿತ್ತ ವಿಷಯ ಯೂನಿಟ್‌ಗೆ ಯಾರೂ ಹೇಳಿರುವುದಿಲ್ಲ.

ಆದ್ದರಿಂದ ಅಪಾಯಿಂಟ್‌ಮೆಂಟ್ ಗೊತ್ತಾದ ದಿನವೇ ಡಯಾಲಿಸಿಸ್ ಯೂನಿಟ್‌ಗೆ ತಿಳಿಸಿ. ಕಿಡ್ನಿ ಡಾಕ್ಟರು ಮುಂದಿನ ಸರದಿಯನ್ನು ಹೆಪಾರಿನ್ ಇಲ್ಲದೆ ಅಥವಾ ತೀರಾ ಕಡಿಮೆ ಹೆಪಾರಿನ್‌ನಲ್ಲಿ ಮಾಡಲು ಬರೆಯುತ್ತಾರೆ. ಹೆಪಾರಿನ್ ಇಲ್ಲದಾಗ ನಾವು ಆಗಾಗ ಸಲೈನ್ ಬಿಟ್ಟು ಫಿಲ್ಟರ್ ತೊಳೆಯುತ್ತಾ, ರಕ್ತದ ಹರಿವು ಸಾಧ್ಯವಾದಷ್ಟು ಹೆಚ್ಚಿಟ್ಟು ನಡೆಸುತ್ತೇವೆ. ಹಾಗೆ ಬಿಟ್ಟ ಸಲೈನನ್ನೂ ತೆಗೆಯಬೇಕಾದ ನೀರಿನ ಲೆಕ್ಕಕ್ಕೆ ಸೇರಿಸಬೇಕು.

ಫಿಸ್ಟುಲಾ ಇರುವ ಕೈಗೆ ಬಿಪಿ ಪಟ್ಟಿ ಕಟ್ಟಬಾರದು, ಸೂಜಿ ಚುಚ್ಚಬಾರದು. ಹಲ್ಲಿನ ಕುರ್ಚಿಯಲ್ಲಿ ಇನ್ನೊಂದು ಅಪಾಯವಿದೆ. ನೋವಿಗೆ ಕೈಹಿಡಿಯನ್ನು ಬಿಗಿಯಾಗಿ ಹಿಡಿದು ಮೊಣಕೈ ಮಡಚಿ ಒಂದು ಗಂಟೆ ಕೂತರೆ ಫಿಸ್ಟುಲಾ ಒತ್ತಿಹೋಗುತ್ತದೆ. ಕೈ ಚಾಚಿ ಸಡಿಲ ಬಿಡಿ. ಮುಗಿದ ಮೇಲೆ ಬೆರಳಿಟ್ಟು ಆ ಝುಂ ಅನ್ನುವ ಕಂಪನ ಇದೆಯಾ ನೋಡಿ. ಇಲ್ಲದಿದ್ದರೆ ಆಗಲೇ ಯೂನಿಟ್‌ಗೆ ಫೋನ್ ಮಾಡಿ, ಮರುದಿನಕ್ಕೆ ಬಿಡಬೇಡಿ.

ಆರೈಕೆದಾರ:

ಹೆಪಾರಿನ್ ಇಲ್ಲದ ಸರದಿಯ ವಿಷಯ ಗೊತ್ತೇ ಇರಲಿಲ್ಲ, ಧನ್ಯವಾದ ಸರ್. ಫಿಸ್ಟುಲಾ ಇದ್ದರೆ ಹಲ್ಲು ಕೀಳುವ ಮುಂಚೆ ಆ್ಯಂಟಿಬಯೋಟಿಕ್ ಕಡ್ಡಾಯ ಅಂತಾರಲ್ಲ, ನಿಜವೇ? ಕಿತ್ತ ಜಾಗದಲ್ಲಿ ರಕ್ತ ನಿಲ್ಲಿಸಲು ಏನೇನು ಮಾಡಬೇಕು ಅಂತಲೂ ಹೇಳಿ.

ದವಡೆ ಶಸ್ತ್ರಚಿಕಿತ್ಸಕಿ:

ಫಿಸ್ಟುಲಾ ಇದೆ ಅನ್ನುವ ಒಂದೇ ಕಾರಣಕ್ಕೆ ಮುಂಜಾಗ್ರತೆಯ ಆ್ಯಂಟಿಬಯೋಟಿಕ್ ಬೇಕು ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಮಾರ್ಗಸೂಚಿ ಹೇಳುವುದಿಲ್ಲ. ಕೃತಕ ಕವಾಟ ಇರುವವರು, ಹಿಂದೆ ಎಂಡೋಕಾರ್ಡೈಟಿಸ್ (ಹೃದಯದ ಒಳಪದರದ ಸೋಂಕು) ಆದವರು, ಕೆಲವು ಹುಟ್ಟು ಹೃದ್ರೋಗಗಳವರು, ಇವರಿಗೆ ಬೇಕು: ಅಮಾಕ್ಸಿಸಿಲಿನ್ 2 ಗ್ರಾಂ, ಕೀಳುವ 30ರಿಂದ 60 ನಿಮಿಷ ಮುಂಚೆ, ಒಂದೇ ಸಲ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೆಲ್ಲ ಕ್ಲಿಂಡಮೈಸಿನ್ ಕೊಡುತ್ತಿದ್ದೆವು, 2021ರ ಮಾರ್ಗಸೂಚಿಯಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಈಗ ಅಜಿತ್ರೊಮೈಸಿನ್ 500 ಮಿ.ಗ್ರಾಂ ಅಥವಾ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ಇದು ಮುಂಜಾಗ್ರತೆಯ ಮಾತು. ಈಗಾಗಲೇ ಕೀವು, ಜ್ವರ, ಊತ ಇದ್ದರೆ ಅದರ ಚಿಕಿತ್ಸೆಯೇ ಬೇರೆ.

ರಕ್ತ ನಿಲ್ಲಿಸುವ ಕೆಲಸ ಹಲ್ಲು ಕೀಳುವ ಮುಂಚೆಯೇ ಶುರುವಾಗುತ್ತದೆ. ಸಾಧ್ಯವಿದ್ದರೆ ಒಂದು ವಾರ ಮೊದಲು ಆ ಜಾಗದ ಗಾರೆ (ಹಲ್ಲಿನ ಮೇಲೆ ಗಟ್ಟಿಯಾಗಿ ಕಟ್ಟಿದ ಕೊಳೆ) ತೆಗೆದು ವಸಡು ಆರಲು ಬಿಡಬೇಕು. ಊದಿದ ವಸಡು ಹೆಚ್ಚು ಒಸರುತ್ತದೆ. ಒಂದು ಸಲಕ್ಕೆ ಒಂದೋ ಎರಡೋ ಹಲ್ಲು ಸಾಕು. ಮೊದಲನೆಯದು ಹೇಗೆ ನಿಲ್ಲುತ್ತದೆ ನೋಡಿಕೊಂಡು ಎರಡನೆಯದಕ್ಕೆ ಕೈ ಹಾಕುವುದು. ಮರಗಟ್ಟಿಸುವಾಗ ಕೆಳದವಡೆಯ ಹಿಂದಿನ ನರಕ್ಕೆ ಆಳವಾಗಿ ಚುಚ್ಚುವ ಬದಲು, ಆಗುವುದಾದರೆ ಹಲ್ಲಿನ ಪಕ್ಕದಲ್ಲೇ ಆರ್ಟಿಕೇನ್ ಕೊಡುವುದು ಒಳ್ಳೆಯದು. ಆಳದಲ್ಲಿ ರಕ್ತನಾಳ ತಾಗಿ ರಕ್ತ ಕಟ್ಟಿಕೊಂಡರೆ ಅಲ್ಲಿ ಅದುಮಿ ಹಿಡಿಯಲು ಜಾಗವೇ ಇಲ್ಲ.

ಹಲ್ಲು ಬಂದ ಮೇಲೆ ಗುಳಿಯೊಳಗಿನ ಕೀವಿನ ಗಂಟು, ಕೆಂಪಗೆ ಉಬ್ಬಿದ ಮಾಂಸ ಪೂರ್ತಿ ಕೆರೆದು ತೆಗೆಯಬೇಕು. ಅದು ಉಳಿದರೆ ಎಷ್ಟು ಅದುಮಿದರೂ ಒಸರುತ್ತಲೇ ಇರುತ್ತದೆ. ಆಮೇಲೆ ಆಕ್ಸಿಡೈಸ್ಡ್ ಸೆಲ್ಯುಲೋಸ್ ಅಥವಾ ಜಿಲೆಟಿನ್ ಸ್ಪಾಂಜ್ ತುಂಬಿ, ಮೇಲೆ 3-0 ಅಳತೆಯ ದಾರದಲ್ಲಿ ಎಂಟರ ಆಕಾರದ ಹೊಲಿಗೆ. ಗಾಜ್ ಬಟ್ಟೆಯನ್ನು ಗುಳಿಯ ಅಗಲಕ್ಕೆ ದಪ್ಪಗೆ ಮಡಚಿ, ಸಲೈನ್‌ನಲ್ಲಿ ಒದ್ದೆ ಮಾಡಿ ಹಿಂಡಿ ಇಡಬೇಕು. ಒಣಗಿದ್ದು ಹೆಪ್ಪಿಗೆ ಅಂಟಿಕೊಂಡು ತೆಗೆಯುವಾಗ ಅದನ್ನೂ ಕಿತ್ತುಕೊಂಡು ಬರುತ್ತದೆ. ಬಟ್ಟೆ ದೊಡ್ಡದಾದರೆ ಅಕ್ಕಪಕ್ಕದ ಹಲ್ಲುಗಳ ಮೇಲೆ ಕೂತು ಗುಳಿಗೆ ಒತ್ತಡವೇ ಬೀಳುವುದಿಲ್ಲ. ಮನೆಯಲ್ಲಿ ರಕ್ತ ನಿಲ್ಲುತ್ತಿಲ್ಲ ಅಂತ ಬರುವವರ ಬಾಯಲ್ಲಿ ಕಾಣುವ ಮೊದಲ ತಪ್ಪು ಇದೇ. ಎರಡನೆಯದು, ಐದೈದು ನಿಮಿಷಕ್ಕೆ ತೆಗೆದು ನೋಡುವುದು. 30 ನಿಮಿಷ ಗಡಿಯಾರ ನೋಡಿಕೊಂಡು ಬಿಗಿಯಾಗಿ ಕಚ್ಚಿರಬೇಕು, ನಡುವೆ ಬಾಯಿ ತೆರೆಯಬಾರದು.

ಗುಳಿಯ ಮೇಲೆ ಕಪ್ಪುಗೆಂಪು ಬಣ್ಣದ, ಜೆಲ್ಲಿಯಂತೆ ಅಲುಗಾಡುವ ದೊಡ್ಡ ಗಡ್ಡೆ ಕಂಡರೆ ಅದು ಒಳ್ಳೆಯ ಹೆಪ್ಪಲ್ಲ. ಅದರ ಅಡಿಯಿಂದ ರಕ್ತ ಜಿನುಗುತ್ತಲೇ ಇರುತ್ತದೆ. ಒದ್ದೆ ಗಾಜ್‌ನಿಂದ ಅದನ್ನು ಒರೆಸಿ ತೆಗೆದು, ಹೊಸ ಗಾಜ್ ಇಟ್ಟು ಮತ್ತೆ 30 ನಿಮಿಷ. ಆಗಲೂ ನಿಲ್ಲದಿದ್ದರೆ ಮನೆಯಲ್ಲಿ ಕೂರಬೇಡಿ.

ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. 500 ಮಿ.ಗ್ರಾಂ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ 10 ಮಿ.ಲೀ. ನೀರಿನಲ್ಲಿ ಕಲಸಿದರೆ 5% ದ್ರಾವಣ. ಹೊರಪದರದ ಚೂರುಗಳು ಕರಗದೆ ಉಳಿಯುತ್ತವೆ, ಅದರಿಂದ ತೊಂದರೆಯಿಲ್ಲ. 2 ನಿಮಿಷ ಆ ಬದಿಯಲ್ಲಿ ಸುಮ್ಮನೆ ಹಿಡಿದಿಟ್ಟುಕೊಂಡು, ಬಾಯಿ ತೆರೆದು ತಾನಾಗಿ ಬೀಳಲು ಬಿಡುವುದು, ದಿನಕ್ಕೆ 4 ಸಲ, ಎರಡು ದಿನ. ಗಳಗಳ ಮುಕ್ಕಳಿಸಿದರೆ ಹೆಪ್ಪು ಹೋಗುತ್ತದೆ.

ಇಷ್ಟಾದರೂ ಜಗ್ಗದ ರಕ್ತಕ್ಕೆ ಡೆಸ್ಮೊಪ್ರೆಸಿನ್ ಇದೆ, ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಕೆ.ಜಿ.ಗೆ 0.3 ಮೈಕ್ರೊಗ್ರಾಂ. ಒಂದು ಗಂಟೆಯೊಳಗೆ ಪ್ರಭಾವ ಬಂದು 4ರಿಂದ 8 ಗಂಟೆ ಇರುತ್ತದೆ. ಮತ್ತೆ ಮತ್ತೆ ಕೊಟ್ಟರೆ ಕೆಲಸ ಮಾಡುವುದಿಲ್ಲ, ಸೋಡಿಯಂ ಕೂಡ ಇಳಿಯುತ್ತದೆ.

ಔಷಧ ತಜ್ಞ:

ಟ್ರಾನೆಕ್ಸಾಮಿಕ್ ಆಸಿಡ್ ಬಗ್ಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಅದು ಕಿಡ್ನಿಯಿಂದಲೇ ಹೊರಹೋಗುವ ಔಷಧ. ಬಾಯಲ್ಲಿಟ್ಟು ಬಿಡುವುದಕ್ಕೆ ಅಡ್ಡಿಯಿಲ್ಲ, ನುಂಗಬಾರದು. ಮಾತ್ರೆಯಾಗಿ ಎಂದಿನ ಪ್ರಮಾಣದಲ್ಲಿ ಕೊಟ್ಟರೆ ಡಯಾಲಿಸಿಸ್‌ನವರಲ್ಲಿ ಶೇಖರವಾಗಿ ಫಿಟ್ಸ್ ಬರಬಹುದು.

ನೋವಿಗೆ ಪ್ಯಾರಸಿಟಮಾಲ್. 500 ಮಿ.ಗ್ರಾಂ, 6 ಗಂಟೆಗೊಮ್ಮೆ. ಕಿಡ್ನಿ ಪೂರ್ತಿ ಕೈಕೊಟ್ಟಿದ್ದರೆ 8 ಗಂಟೆಗೊಮ್ಮೆ. ನೀರಿನಲ್ಲಿ ಬುಸ್ಸನೆ ಕರಗುವ ಪ್ಯಾರಸಿಟಮಾಲ್ ಮಾತ್ರ ಬೇಡ. ಒಂದೊಂದರಲ್ಲೂ ಸುಮಾರು 400 ಮಿ.ಗ್ರಾಂ ಸೋಡಿಯಂ ಇರುತ್ತದೆ. ಉಪ್ಪು ಅಳೆದು ತಿನ್ನುವವರಿಗೆ, ಹೊಟ್ಟೆಯಲ್ಲಿ ನೀರು ತುಂಬಿದ ಲಿವರ್ ರೋಗಿಗಳಿಗೆ ದಿನಕ್ಕೆ ನಾಲ್ಕು ಮಾತ್ರೆ ಅಂದರೆ ಬಹಳವಾಯಿತು.

ಅಮಾಕ್ಸಿಸಿಲಿನ್ ಎಲ್ಲರಿಗೂ 8 ಗಂಟೆಗೊಮ್ಮೆ ಅಂತ ಕೈ ಅಭ್ಯಾಸದಲ್ಲಿ ಬರೆದುಬಿಡುತ್ತಾರೆ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ನಿಮಿಷಕ್ಕೆ ಎಷ್ಟು ಮಿ.ಲೀ. ರಕ್ತ ಶುದ್ಧಿ ಮಾಡುತ್ತದೆ ಅನ್ನುವ ಅಳತೆ) 10ರಿಂದ 30ರೊಳಗಿದ್ದರೆ 250ರಿಂದ 500 ಮಿ.ಗ್ರಾಂ 12 ಗಂಟೆಗೊಮ್ಮೆ, 10ಕ್ಕಿಂತ ಕೆಳಗಿದ್ದರೆ 24 ಗಂಟೆಗೊಮ್ಮೆ. ಡಯಾಲಿಸಿಸ್ ದಿನ ಆ ಡೋಸ್ ಡಯಾಲಿಸಿಸ್ ಮುಗಿದ ಮೇಲೆ. ಮುಂಚೆ ನುಂಗಿದರೆ ಯಂತ್ರ ಅದನ್ನೂ ತೊಳೆದು ಹಾಕುತ್ತದೆ, ಕೀವು ಇದ್ದ ಹಾಗೇ ಇರುತ್ತದೆ. ಮೆಟ್ರೊನಿಡಜೋಲ್‌ಗೂ ಇದೇ ಮಾತು. ಡಾಕ್ಸಿಸೈಕ್ಲಿನ್‌ಗೆ ಕಿಡ್ನಿಯ ಲೆಕ್ಕ ಬೇಡ, ಆದರೆ ಊಟದ ರಂಜಕ (ಫಾಸ್ಫರಸ್) ರಕ್ತಕ್ಕೆ ಸೇರದಂತೆ ಹಿಡಿದಿಡುವ ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಿದರೆ ಹೊಟ್ಟೆಯಲ್ಲೇ ಅದಕ್ಕೆ ಅಂಟಿಕೊಂಡು ರಕ್ತಕ್ಕೆ ಸೇರುವುದಿಲ್ಲ. ಎರಡರ ನಡುವೆ ಕನಿಷ್ಠ 2 ಗಂಟೆ ಬಿಡಿ.

ಐಬುಪ್ರೊಫೆನ್, ಡೈಕ್ಲೊಫಿನಾಕ್, ಕೀಟೊರೊಲಾಕ್ ಬೇಡ. ಕಿಡ್ನಿಗೆ ರಕ್ತ ತರುವ ಸಣ್ಣ ನಾಳವನ್ನು ತೆರೆದಿಡುವುದು ಪ್ರೊಸ್ಟಗ್ಲಾಂಡಿನ್, ಈ ಮಾತ್ರೆಗಳು ಅದನ್ನೇ ನಿಲ್ಲಿಸುತ್ತವೆ.

ಓದುಗ:

ಡಯಾಲಿಸಿಸ್ ಶುರುವಾದ ಮೇಲೆ ಕಿಡ್ನಿ ಹೋಗಿಯೇ ಆಯ್ತಲ್ಲ ಸರ್, ಇನ್ನು ಐಬುಪ್ರೊಫೆನ್ ಕೊಟ್ಟರೆ ಕೆಡುವುದೇನಿದೆ?

ಔಷಧ ತಜ್ಞ:

ಈ ಮಾತು ಎಲ್ಲೆಡೆ ಕೇಳಿಬರುತ್ತದೆ, ಅದಕ್ಕೇ ಸ್ಪಷ್ಟವಾಗಿ ಹೇಳುತ್ತೇನೆ. ಡಯಾಲಿಸಿಸ್‌ನಲ್ಲಿರುವ ಎಷ್ಟೋ ಜನಕ್ಕೆ ದಿನಕ್ಕೆ ಅರ್ಧ ಲೀಟರೋ ಹೆಚ್ಚೋ ಮೂತ್ರ ಇನ್ನೂ ಬರುತ್ತಿರುತ್ತದೆ. ಆ ಅರ್ಧ ಲೀಟರೇ ಅವರಿಗೆ ಇನ್ನೊಂದು ಲೋಟ ನೀರು ಕುಡಿಯುವ ಅವಕಾಶ ಕೊಡುವುದು, ಅದನ್ನು ಕಳೆಯಬಾರದು. ಮೂತ್ರ ಪೂರ್ತಿ ನಿಂತವರಲ್ಲೂ ಈ ಮಾತ್ರೆಗಳು ಮೊದಲೇ ಕೆಲಸ ಮಾಡದ ಪ್ಲೇಟ್‌ಲೆಟ್‌ಗಳನ್ನು ಇನ್ನಷ್ಟು ಕೆಡಿಸುತ್ತವೆ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಬಿಪಿ ಏರಿಸುತ್ತವೆ. ಆ ಹುಣ್ಣಿನ ಮೇಲೆ ವಾರಕ್ಕೆ ಮೂರು ಸಲ ಹೆಪಾರಿನ್ ಹೋಗುತ್ತದೆ ಅನ್ನುವುದನ್ನು ನೆನಪಿಡಿ.

ಪ್ಯಾರಸಿಟಮಾಲ್ ಸಾಲದಿದ್ದರೆ ಟ್ರಮಡಾಲ್ 50 ಮಿ.ಗ್ರಾಂ 12 ಗಂಟೆಗೊಮ್ಮೆ, ಕಿಡ್ನಿ ಡಾಕ್ಟರು ಒಪ್ಪಿದರೆ. ಕೊಡೀನ್, ಮಾರ್ಫಿನ್ ಬೇಡ, ಅವುಗಳ ಉಳಿಕೆ ಕಿಡ್ನಿಯಿಂದಲೇ ಹೋಗಬೇಕು, ಹೋಗದೆ ಮಂಪರು ತರುತ್ತದೆ.

ಲಿವರ್ ವಾರ್ಡ್ ವೈದ್ಯ:

ಈಗ ಲಿವರ್ ಕಡೆಗೆ. ಲೆಕ್ಕ ಬೇರೆಯೇ.

ರಕ್ತ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಬಹುಪಾಲು ಲಿವರ್‌ನಲ್ಲೇ ತಯಾರಾಗುತ್ತವೆ. ಅದಕ್ಕೇ ಸಿರೋಸಿಸ್‌ನಲ್ಲಿ ಐಎನ್‌ಆರ್ ಏರುತ್ತದೆ. ಆದರೆ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆ್ಯಂಟಿಥ್ರಾಂಬಿನ್ ಕೂಡ ಲಿವರ್‌ನಲ್ಲೇ ಆಗುವುದು, ಅವೂ ಕಡಿಮೆಯಾಗಿರುತ್ತವೆ. ತಕ್ಕಡಿಯ ಎರಡೂ ತಟ್ಟೆ ಹಗುರವಾದ ಹಾಗೆ. ಐಎನ್‌ಆರ್ ಒಂದೇ ತಟ್ಟೆಯನ್ನು ತೂಗುತ್ತದೆ. ಹಾಗಾಗಿ ವಾರ್ಫರಿನ್ ತಿನ್ನುವವರ ಐಎನ್‌ಆರ್ 2, ಸಿರೋಸಿಸ್‌ನವರ ಐಎನ್‌ಆರ್ 2 ಒಂದೇ ಅಲ್ಲ. ಹಲ್ಲು ಕೀಳಲು ಐಎನ್‌ಆರ್ ಇಳಿಸಲೇಬೇಕು ಅಂತ ಪ್ಲಾಸ್ಮಾ (ರಕ್ತದ ದ್ರವಭಾಗ) ಬಾಟಲಿ ಏರಿಸುವುದು ನನ್ನ ಮಟ್ಟಿಗೆ ತಪ್ಪು. ಅಷ್ಟು ದ್ರವ ಒಳಗೆ ಹೋದರೆ ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ರಕ್ತನಾಳದ ಒತ್ತಡ ಏರಿ ಅನ್ನನಾಳದ ಉಬ್ಬಿದ ರಕ್ತನಾಳಗಳು ಒಡೆಯುವ ಅಪಾಯ ಹೆಚ್ಚುತ್ತದೆ.

ಪ್ಲೇಟ್‌ಲೆಟ್ ಮಾತ್ರ ನೋಡಲೇಬೇಕು. ಊದಿದ ಗುಲ್ಮ (ಸ್ಪ್ಲೀನ್) ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. 50,000ಕ್ಕಿಂತ ಮೇಲಿದ್ದರೆ ಹೊಲಿಗೆ, ಸ್ಪಾಂಜ್, ಒತ್ತಡದಿಂದ ಸಾಮಾನ್ಯವಾಗಿ ನಿಭಾಯಿಸಬಹುದು. ಕೆಳಗಿದ್ದರೆ ಆಸ್ಪತ್ರೆಯಲ್ಲೇ ಕೀಳಿಸಬೇಕು.

ಸಿರೋಸಿಸ್ ಎಷ್ಟು ಮುಂದುವರಿದಿದೆ ಅನ್ನುವುದನ್ನು ಬಿಲಿರುಬಿನ್, ಆಲ್ಬುಮಿನ್, ಐಎನ್‌ಆರ್, ಹೊಟ್ಟೆಯ ನೀರು, ಮೆದುಳಿನ ಮಂಕು ಈ ಐದನ್ನು ಕೂಡಿಸಿ ಚೈಲ್ಡ್-ಪ್ಯೂ ಅಂಕದಲ್ಲಿ ಹೇಳುತ್ತಾರೆ. 5-6 ಬಂದರೆ ಎ, 7-9 ಬಿ, 10ರಿಂದ 15 ಸಿ. ಎ ಆದರೆ ಹಲ್ಲಿನ ಕ್ಲಿನಿಕ್‌ನಲ್ಲೇ ಆಗುತ್ತದೆ. ಸಿ ಆದರೆ ತುರ್ತಿನ ಕೆಲಸ ಮಾತ್ರ, ಅದೂ ಆಸ್ಪತ್ರೆಯಲ್ಲಿ. ಲಿವರ್ ಡಾಕ್ಟರ ಚೀಟಿಯಲ್ಲಿ ಈ ಅಂಕ ಇರಲಿ.

ಇನ್ನು ಯಾರೂ ಹೇಳದ ಒಂದು ವಿಷಯ, ನುಂಗುವ ರಕ್ತದ್ದು. ಹಲ್ಲು ಕಿತ್ತ ಮೇಲೆ "ಉಗುಳಬೇಡಿ, ನುಂಗಿ" ಅಂತ ಎಲ್ಲರಿಗೂ ಹೇಳುತ್ತಾರೆ. ಸಿರೋಸಿಸ್ ಇರುವವರಲ್ಲಿ ನುಂಗಿದ ರಕ್ತದ ಪ್ರೋಟೀನ್ ಕರುಳಿನಲ್ಲಿ ಒಡೆದು ಅಮೋನಿಯಾ ಆಗುತ್ತದೆ, ಸೋತ ಲಿವರ್‌ಗೆ ಅದನ್ನು ತೆಗೆಯಲಾಗದು, ಮೆದುಳಿಗೆ ಮಂಕು ಕವಿಯುತ್ತದೆ. ಹಾಗಂತ ಜೋರಾಗಿ ಉಗುಳಿದರೆ ಹೆಪ್ಪು ಕಿತ್ತುಬರುತ್ತದೆ. ಇದಕ್ಕೆ ದಾರಿ: ಕುರ್ಚಿಯಲ್ಲಿರುವಾಗ ರಕ್ತವನ್ನೆಲ್ಲ ಸಕ್ಷನ್‌ನಿಂದ ಎಳೆಯುವುದು, ಒಸರು ಪೂರ್ತಿ ನಿಲ್ಲುವವರೆಗೆ ಮನೆಗೆ ಕಳಿಸದಿರುವುದು. ಮನೆಯಲ್ಲಿ ತಲೆ ಎತ್ತರಿಸಿ ಒರಗಿ, ಬಾಯಿಗೆ ಬಂದದ್ದನ್ನು ಬಟ್ಟೆಯಲ್ಲಿ ಮೆಲ್ಲಗೆ ಒರೆಸಿಕೊಳ್ಳುವುದು. ಲ್ಯಾಕ್ಟುಲೋಸ್ (ಮಲ ಸಡಿಲಿಸುವ ಸಿರಪ್) ತಪ್ಪಿಸದೆ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗುವಂತೆ ನೋಡಿಕೊಳ್ಳುವುದು. ಹಲ್ಲು ನೋವಿಗೆ ಸರಿಯಾಗಿ ಉಣ್ಣದೆ ಮಲಬದ್ಧತೆ ಆದರೂ ಇದೇ ಮಂಕು ಬರುತ್ತದೆ. ರಾತ್ರಿ ನಿದ್ದೆಯಿಲ್ಲದೆ ಹಗಲು ತೂಕಡಿಸುವುದು, ದಿನ ಯಾವುದೆಂದು ತಪ್ಪು ಹೇಳುವುದು, ಮುಂದೆ ಚಾಚಿದ ಅಂಗೈ ರೆಕ್ಕೆಯಂತೆ ಬಡಿದುಕೊಳ್ಳುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಭಯ ಹೋಗಲಿ ಅಂತ ಡಯಾಜೆಪಾಮ್, ನಿದ್ದೆ ಮಾತ್ರೆ ಕೊಡುವುದು ಇವರಿಗೆ ಖಂಡಿತ ಬೇಡ.

ಪ್ಯಾರಸಿಟಮಾಲ್ ಲಿವರ್ ಕೆಡಿಸುತ್ತದೆ ಅಂತ ಅದನ್ನು ಬಿಟ್ಟು ಡೈಕ್ಲೊಫಿನಾಕ್ ಕೊಡುವವರಿದ್ದಾರೆ. ಇದು ಪೂರ್ತಿ ತಿರುಗುಮುರುಗು. ಸಿರೋಸಿಸ್‌ನಲ್ಲಿ ಡೈಕ್ಲೊಫಿನಾಕ್ ಜಾತಿಯ ಮಾತ್ರೆ ಕಿಡ್ನಿಯನ್ನೇ ನಿಲ್ಲಿಸಬಹುದು, ರಕ್ತವಾಂತಿ ಮಾಡಿಸಬಹುದು. ಪ್ಯಾರಸಿಟಮಾಲ್ ದಿನಕ್ಕೆ 2 ಗ್ರಾಂ ಮೀರದಂತೆ ಕೆಲವು ದಿನ ಕೊಡಬಹುದು, ಅಂದರೆ 500 ಮಿ.ಗ್ರಾಂನ ನಾಲ್ಕು. ನೆಗಡಿ ಮಾತ್ರೆಯೊಳಗೂ ಪ್ಯಾರಸಿಟಮಾಲ್ ಇರುತ್ತದೆ, ಅದನ್ನೂ ಸೇರಿಸಿ ಎಣಿಸಿ. ಕ್ಲಾವುಲನಿಕ್ ಆಸಿಡ್ ಬೆರೆತ ಅಮಾಕ್ಸಿಸಿಲಿನ್ ಕಾಮಾಲೆ ತರಬಲ್ಲದು, ಬರಿಯ ಅಮಾಕ್ಸಿಸಿಲಿನ್‌ನಲ್ಲಿ ಆಗುವ ಕೆಲಸಕ್ಕೆ ಅದು ಬೇಡ. ಸಿ ಹಂತದವರಿಗೆ ಮೆಟ್ರೊನಿಡಜೋಲ್ ಅರ್ಧಕ್ಕೆ ಇಳಿಸಬೇಕು.

ದವಡೆ ಶಸ್ತ್ರಚಿಕಿತ್ಸಕಿ:

ಡಾಕ್ಟರೇ, ಆ ಉಗುಳುವ ನುಂಗುವ ಮಾತು ನಮ್ಮ ಸೂಚನಾ ಚೀಟಿಯಲ್ಲೇ ತಿದ್ದಬೇಕಾದ್ದು. ಮರಗಟ್ಟಿಸುವ ಮದ್ದಿನ ಲೆಕ್ಕವನ್ನೂ ಇಲ್ಲೇ ಸೇರಿಸ್ತೀನಿ. ಲಿಗ್ನೊಕೇನ್ ಕರಗುವುದು ಲಿವರ್‌ನಲ್ಲಿ. 2% ಮದ್ದಿನ 1.8 ಮಿ.ಲೀ. ಕಾರ್ಟ್ರಿಜ್‌ನಲ್ಲಿ 36 ಮಿ.ಗ್ರಾಂ ಇರುತ್ತದೆ. ಮುಂದುವರಿದ ಸಿರೋಸಿಸ್‌ನಲ್ಲಿ ಎರಡು ಕಾರ್ಟ್ರಿಜ್‌ಗೆ ನಿಲ್ಲಿಸುವುದು ಕ್ಷೇಮ. ಆರ್ಟಿಕೇನ್ ಬಹುಪಾಲು ರಕ್ತದಲ್ಲೇ ಒಡೆಯುತ್ತದೆ, ಲಿವರ್‌ಗೆ ಕಾಯುವುದಿಲ್ಲ. ಆದರೆ ಅದು 4%, 1.7 ಮಿ.ಲೀ.ನಲ್ಲೇ 68 ಮಿ.ಗ್ರಾಂ ಅನ್ನುವುದು ನೆನಪಿರಲಿ.

ಹೊಟ್ಟೆಯಲ್ಲಿ ನೀರಿರುವವರನ್ನು ಚಪ್ಪಟೆ ಮಲಗಿಸಿದರೆ ಉಸಿರು ಕಟ್ಟುತ್ತದೆ. 45 ಡಿಗ್ರಿಯಲ್ಲಿ ಒರಗಿಸಿಯೇ ಕೆಲಸ ಮಾಡಬೇಕು.

ಆರೈಕೆದಾರ:

ಕಿಡ್ನಿ ಕಸಿ ಆದವರಲ್ಲಿ ವಸಡು ಬೆಳೆದು ಹಲ್ಲನ್ನೇ ಮುಚ್ಚುತ್ತದಲ್ಲ, ಅದಕ್ಕೇನು ಮಾಡುವುದು? ಕಸಿಗೆ ಮುಂಚೆ ಹಲ್ಲೆಲ್ಲ ತೋರಿಸಿ ಬನ್ನಿ ಅನ್ನುವುದೂ ಯಾಕೆ?

ವಸಡು ತಜ್ಞೆ:

ಕಸಿಯಾದ ಮೇಲೆ ರೋಗನಿರೋಧಕ ಶಕ್ತಿಯನ್ನು ಔಷಧದಿಂದ ತಗ್ಗಿಸಿಡುತ್ತಾರೆ. ಹಲ್ಲಿನ ಬೇರಿನ ತುದಿಯಲ್ಲಿ ನೋವಿಲ್ಲದೆ ಕೂತಿದ್ದ ಕೀವಿನ ಗಂಟು ಆಗ ಕೆರಳುತ್ತದೆ. ಅದಕ್ಕೇ ಕಸಿಗೆ ಮುಂಚೆ ಪೂರ್ತಿ ದವಡೆಯ ಎಕ್ಸ್‌ರೇ ತೆಗೆದು, ಉಳಿಯದ ಹಲ್ಲು ಕಿತ್ತು, ಉಳಿಯುವುದಕ್ಕೆ ರೂಟ್ ಕೆನಾಲ್ ಮಾಡಿ, ಗಾರೆ ತೆಗೆದು ಮುಗಿಸಬೇಕು. ಕಸಿಯಾದ ಮೊದಲ 6 ತಿಂಗಳು ತುರ್ತು ಇಲ್ಲದ ಯಾವ ಹಲ್ಲಿನ ಕೆಲಸವೂ ಬೇಡ.

ವಸಡು ಬೆಳೆಸುವುದು ಆ ಔಷಧಗಳಲ್ಲಿ ಮುಖ್ಯವಾಗಿ ಸೈಕ್ಲೊಸ್ಪೊರಿನ್. ಜೊತೆಗೆ ಬಿಪಿಗೆ ನಿಫೆಡಿಪಿನ್ ಅಥವಾ ಅಮ್ಲೊಡಿಪಿನ್ ಇದ್ದರೆ ಇನ್ನೂ ಜೋರು. ಮುಂದಿನ ಹಲ್ಲುಗಳ ನಡುವಿನ ತ್ರಿಕೋನದ ವಸಡು ಮೊದಲು ಮಣಿಯಂತೆ ಉಬ್ಬುತ್ತದೆ, ಆಮೇಲೆ ಹಲ್ಲಿನ ಮೇಲೆ ಹತ್ತುತ್ತದೆ. ಗಾರೆ ಇದ್ದಲ್ಲಿ ವೇಗ ಹೆಚ್ಚು. ಮೊದಲು ಗಾರೆ ತೆಗೆದು ದಿನವೂ ಚೆನ್ನಾಗಿ ಉಜ್ಜಿಸಿ, ಕಸಿ ಡಾಕ್ಟರ ಹತ್ತಿರ ಅದೇ ಕೆಲಸ ಮಾಡುವ ಟ್ಯಾಕ್ರೊಲಿಮಸ್‌ಗೆ ಬದಲಿಸಲಾಗುತ್ತದೆಯೇ ಕೇಳಬೇಕು. ಕತ್ತರಿಸುವುದು ಆಮೇಲಿನ ಮಾತು. ಔಷಧ ಬದಲಾಗದೆ ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ.

ಔಷಧ ತಜ್ಞ:

ಕಸಿಯಾದವರಿಗೆ ಹಲ್ಲಿನ ಕೀವಿಗೆ ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್, ಬಾಯಿಯ ಬಿಳಿ ಪದರಕ್ಕೆ ಫ್ಲುಕೊನಜೋಲ್ ಬರೆಯುವ ಮುಂಚೆ ಕಸಿ ಡಾಕ್ಟರಿಗೆ ಫೋನ್ ಹೋಗಲೇಬೇಕು. ಟ್ಯಾಕ್ರೊಲಿಮಸ್ ಮತ್ತು ಸೈಕ್ಲೊಸ್ಪೊರಿನ್ ಕರಗಿಸುವ ಕಿಣ್ವವನ್ನು ಇವು ತಡೆಯುತ್ತವೆ. ರಕ್ತದಲ್ಲಿ ಮಟ್ಟ ಏರಿ ಹೊಸ ಕಿಡ್ನಿಗೇ ಪೆಟ್ಟು.

ಓದುಗ:

ಜುಮ್ಮೆನ್ನುವ ಹಲ್ಲಿಗೆ ಬರುವ ಪೇಸ್ಟ್‌ನಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಇದೆಯಲ್ಲ, ಡಯಾಲಿಸಿಸ್‌ನವರು ಬಳಸಬಹುದೇ? ನೀರು ಕಡಿಮೆ ಕುಡಿಯಬೇಕು, ಬಾಯಿ ಒಣಗುತ್ತದೆ, ಅದಕ್ಕೂ ಏನಾದರೂ ಹೇಳಿ.

ವಸಡು ತಜ್ಞೆ:

ಬಳಸಬಹುದು. 5% ಪೇಸ್ಟ್‌ನ ಒಂದು ಗ್ರಾಂನಲ್ಲಿ ಪೊಟ್ಯಾಸಿಯಂ ನೈಟ್ರೇಟ್ 50 ಮಿ.ಗ್ರಾಂ, ಅದರೊಳಗಿನ ಪೊಟ್ಯಾಸಿಯಂ ಸುಮಾರು 19 ಮಿ.ಗ್ರಾಂ, ಅದೂ ಉಗುಳುವುದೇ.

ಒಣಬಾಯಿಗೆ ಒಂದು ಗುಟುಕು ತಣ್ಣೀರು ಬಾಯಲ್ಲಿ ಸುತ್ತಾಡಿಸಿ ಉಗುಳುವುದು, ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಜಗಿಯುವುದು. ಸಕ್ಕರೆ ಮಿಠಾಯಿ ಚೀಪಿದರೆ ಒಣಬಾಯಲ್ಲಿ ವಸಡಿನ ಅಂಚಿನಲ್ಲೇ ಹುಳುಕು ಹಿಡಿಯುತ್ತದೆ. ಬಾಯಲ್ಲಿ ಅಮೋನಿಯಾ ವಾಸನೆ ಬರುವುದು ಜೊಲ್ಲಿನ ಯೂರಿಯಾ ಒಡೆಯುವುದರಿಂದ, ಉಜ್ಜಿದ್ದು ಸಾಲದೆಂದಲ್ಲ. ಆ ಯೂರಿಯಾ ಜೊಲ್ಲನ್ನು ಕ್ಷಾರೀಯ ಮಾಡುವುದರಿಂದ ಗಾರೆ ಬೇಗ ಕಟ್ಟುತ್ತದೆ. ಮೂರು ತಿಂಗಳಿಗೊಮ್ಮೆ ಕ್ಲೀನಿಂಗ್ ಮಾಡಿಸಿ. ಮೌತ್‌ವಾಶ್ ಮದ್ಯಸಾರವಿಲ್ಲದ್ದು ಇರಲಿ. ಕ್ಲೋರ್‌ಹೆಕ್ಸಿಡಿನ್ 0.2% ಆದರೆ 10 ಮಿ.ಲೀ. ಒಂದು ನಿಮಿಷ, ಪೇಸ್ಟ್ ಬಳಸಿ ಅರ್ಧ ಗಂಟೆ ಬಿಟ್ಟು. ಪೇಸ್ಟ್‌ನ ನೊರೆ ಅದರ ಶಕ್ತಿ ಕಳೆಯುತ್ತದೆ.

ಗಾರೆಯಿಲ್ಲದೆಯೂ ಹಲ್ಲುಗಳು ಒಂದರ ಹಿಂದೊಂದು ಅಲುಗಾಡತೊಡಗಿದರೆ ಪ್ಯಾರಾಥೈರಾಯ್ಡ್ ಹಾರ್ಮೋನ್ ಪರೀಕ್ಷೆ ಮಾಡಿಸಿ. ಅದು ಏರಿ ದವಡೆಯ ಮೂಳೆ ಕರಗುತ್ತಿರಬಹುದು. ಅಂಥ ದವಡೆಯಲ್ಲಿ ಬಲ ಹಾಕಿ ಹಲ್ಲು ಎಳೆದರೆ ಮೂಳೆಯೇ ಮುರಿಯುತ್ತದೆ. ಮೂಳೆಗೆ ಕೊಡುವ ಡೆನೊಸುಮ್ಯಾಬ್ ಅಥವಾ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಕಿತ್ತ ಗುಳಿ ಮಾಯದೆ ಮೂಳೆ ಹೊರಗೆ ಕಾಣಬಹುದು. ಇವರಿಗೆ ಕೀಳುವ ಬದಲು ರೂಟ್ ಕೆನಾಲ್ ಮಾಡಿ ಬೇರು ಉಳಿಸುವುದೇ ಮೇಲು.

ಆರೈಕೆದಾರ:

ಕೊನೆಯ ಪ್ರಶ್ನೆ. ಹೆಪಟೈಟಿಸ್ ಬಿ ಅಥವಾ ಸಿ ಇದೆ ಅಂದರೆ "ಸಂಜೆ ಕೊನೆಗೆ ಬನ್ನಿ" ಅಂತಾರೆ, ಕೆಲವರು ಮುಟ್ಟುವುದೇ ಇಲ್ಲ. ಹೇಳದೇ ಇರುವುದು ಮೇಲೇ?

ದವಡೆ ಶಸ್ತ್ರಚಿಕಿತ್ಸಕಿ:

ಹೇಳಲೇಬೇಕು, ಔಷಧದ ಲೆಕ್ಕ ಅದರ ಮೇಲೆ ನಿಂತಿದೆ. ಆದರೆ ಕೊನೆಗೆ ಕೂರಿಸುವುದಕ್ಕೆ ಕಾರಣವಿಲ್ಲ. ಸೋಂಕು ಇದ್ದರೂ ಗೊತ್ತಿಲ್ಲದೆ ಬರುವವರು ಪ್ರತಿ ಕ್ಲಿನಿಕ್‌ಗೂ ಬರುತ್ತಾರೆ, ಆದ್ದರಿಂದ ಎಲ್ಲರಿಗೂ ಒಂದೇ ಮಟ್ಟದ ಎಚ್ಚರಿಕೆ ಇರಬೇಕು. ಉಪಕರಣಗಳನ್ನು, ಹಲ್ಲು ಕೊರೆಯುವ ಹ್ಯಾಂಡ್‌ಪೀಸ್ ಸಮೇತ, ತೊಳೆದು ಪೊಟ್ಟಣ ಕಟ್ಟಿ ಆಟೊಕ್ಲೇವ್‌ನಲ್ಲಿ (ಒತ್ತಡದ ಬಿಸಿ ಹಬೆಯಿಂದ ರೋಗಾಣು ಕೊಲ್ಲುವ ಯಂತ್ರ) 121 ಡಿಗ್ರಿಯಲ್ಲಿ 15 ನಿಮಿಷ ಅಥವಾ 134 ಡಿಗ್ರಿಯಲ್ಲಿ 3 ನಿಮಿಷ ಇಟ್ಟರೆ ಆಯಿತು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ 7 ದಿನ ಬದುಕಿರುತ್ತದೆ, ಆದ್ದರಿಂದ ಹ್ಯಾಂಡ್‌ಪೀಸನ್ನು ಸ್ಪಿರಿಟ್‌ನಲ್ಲಿ ಒರೆಸಿ ಮತ್ತೊಬ್ಬರ ಬಾಯಿಗೆ ಇಡುವುದು ಯಾರ ಮಟ್ಟಿಗೂ ಸಲ್ಲದು. "ಹ್ಯಾಂಡ್‌ಪೀಸ್ ಆಟೊಕ್ಲೇವ್ ಮಾಡ್ತೀರಾ?" ಅಂತ ಕೇಳಿ. ಪೊಟ್ಟಣವನ್ನು ನಿಮ್ಮ ಎದುರಿಗೇ ಒಡೆದು ತೆಗೆದರೆ ಅಲ್ಲಿ ಕೂರಬಹುದು.